ಅತ್ತೆ ಯಾರ ಪಾಲಿಗೆ?

"ಭಾವ, ಅದು ಮಳೆ ಮಾಡಿದ ಗುಂಡಿಯಲ್ಲ. ನೀವೇ ತುಳಿದು ಮಾಡಿದ್ದು."

ಹಲ್ಲಿನ ಡಾಕ್ಟರು ಬೂಟುಗಾಲನ್ನು ಮೆಲ್ಲಗೆ ಈಚೆಗೆಳೆದುಕೊಂಡರು. ನಿಂತ ನೀರಿಗೆ ಬಿದ್ದ ಚೆಂಡನ್ನು ಒಣ ಜಾಗಕ್ಕೆ ಎತ್ತಿಟ್ಟುಕೊಳ್ಳಲು ಗಾಲ್ಫ್ ಆಟದಲ್ಲಿ ಅವಕಾಶವಿದೆ. ನೀರು ತಾನಾಗಿ ನಿಲ್ಲಲು ಸಂಕೋಚಪಟ್ಟರೆ ಮನುಷ್ಯ ಸ್ವಲ್ಪ ನೆರವಾಗಬಾರದೆಂದು ಎಲ್ಲಿ ಬರೆದಿದೆ?

"ಮೊದಲು ಕನ್ನಡಕ ಒರೆಸ್ಕೋ, ಆಮೇಲೆ ಸಾಕ್ಷಿ ಹೇಳುವೆಯಂತೆ," ಎಂದರು.

ಮಾತು ನಾಟಿತು. ಎದುರು ನಿಂತವನು ಅವರ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಊರಿಗೆಲ್ಲ ಕಣ್ಣು ಕಾಣಿಸುವ ಈ ಮಹಾನುಭಾವನಿಗೆ ನಾಲ್ಕು ಹನಿ ಬಿದ್ದರೆ ಸ್ವಂತ ಮೂಗಿನ ತುದಿ ಕಾಣದು. ಒದ್ದೆ ಕರವಸ್ತ್ರದಿಂದ ಒದ್ದೆ ಗಾಜು ಒರೆಸಿಕೊಂಡ. ನೀರು ಎಡಗಡೆಯಿಂದ ಬಲಗಡೆಗೆ ಹೋಯಿತು.

ಎಂಟು ಕುಳಿ ಮುಗಿದಿದ್ದವು. ಇಬ್ಬರೂ ಸಮ. ಉಳಿದದ್ದು ಒಂಬತ್ತನೆಯ ಕುಳಿ. ಮತ್ತು ಅತ್ತೆ.

ಅತ್ತೆಯ ಮನೆ ಪ್ರತಿ ಮಳೆಗಾಲವೂ ಸೋರುತ್ತದೆ. ಸೋರಿದ ಕೂಡಲೇ ಅವರು ಟ್ರಂಕು ಕಟ್ಟಿ, ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳ ಮನೆಗೆ ಬಂದು ನಾಲ್ಕು ತಿಂಗಳು ಇರುತ್ತಾರೆ. ಯಾರ ಮನೆಗೆ ಎಂದು ಅಳಿಯಂದಿರು ವರ್ಷ ವರ್ಷ ಕಿತ್ತಾಡುವುದನ್ನು ನೋಡಿ ಬೇಸತ್ತ ಅವರೇ, "ಏನಿದ್ರೂ ಬಯಲಲ್ಲಿ ತೀರ್ಮಾನ ಮಾಡ್ಕೊಂಡು ಬನ್ನಿ, ನನ್ನ ಕಿವಿಗೆ ಬೀಳೋದು ಬೇಡ," ಎಂದಿದ್ದರು. ಹೀಗೆ ಗಾಲ್ಫ್ ಬಂತು. ಮಳೆ ಬಂದರೆ ಆಟ ನಿಲ್ಲಿಸುವಂತಿಲ್ಲ. ಅತ್ತೆ ಬರುವುದೇ ಮಳೆಯಿಂದ.

ಈಗ ಅವರು ಕ್ಲಬ್ಬಿನ ಜಗಲಿಯಲ್ಲಿ ಟ್ರಂಕಿನ ಪಕ್ಕ ಬೆಚ್ಚಗೆ ಕೂತು ಚಹಾ ಕುಡಿಯುತ್ತಿದ್ದರು. ಬಾಯಲ್ಲಿ ಹಿರಿಯಳಿಯ ಕೂರಿಸಿದ ಹಲ್ಲು, ಮೂಗಿನ ಮೇಲೆ ಕಿರಿಯಳಿಯ ಕೊಟ್ಟ ಕನ್ನಡಕ. ಒಬ್ಬನದರಿಂದ ಬಿಸ್ಕತ್ತು ಕಡಿಯುತ್ತ, ಇನ್ನೊಬ್ಬನದರಿಂದ ಇಬ್ಬರನ್ನೂ ನೋಡುತ್ತಿದ್ದರು.

ಡಾಕ್ಟರು ಮಳೆಗೆ ಸಜ್ಜಾಗಿ ಬಂದಿದ್ದರು. ಕೋಲು ಜಾರದಂತೆ ಕ್ಲಿನಿಕ್ಕಿನ ರಬ್ಬರ್ ಕೈಗವಸು. ಕೊಡೆಯ ಒಳಗಡೆ ಕಡ್ಡಿಗೆ ಸಿಕ್ಕಿಸಿದ ಒಣ ಟವೆಲು. ಅದು ಹೆಂಡತಿ ಕೊಟ್ಟದ್ದು.

"ಅಮ್ಮ ಬಂದ್ರೆ ಈ ಮನೇಲಿ ನನ್ನ ಮಾತು ನಡೆಯೋದಿಲ್ಲ, ನೆನಪಿರ್ಲಿ," ಎಂದಿದ್ದಳು ಬೆಳಿಗ್ಗೆ.

"ಅದಕ್ಕೇ ಕಣೇ ಮಳೇಲೂ ಆಡೋಕೆ ಹೊರಟಿರೋದು," ಎಂದಿದ್ದರು ಡಾಕ್ಟರು. ಗಂಡನ ನಿಷ್ಠೆಗೆ ಕರಗಿ ಆಕೆ ಬೀರುವಿನಿಂದ ಹೊಸ ಟವೆಲನ್ನೇ ತೆಗೆದುಕೊಟ್ಟಿದ್ದಳು.

ಕೋಲುಗಳ ಚೀಲ ಹೊರುವ ಹೆಂಗಸು ಡಾಕ್ಟರ ಕುಂಟು ನಡಿಗೆ ನೋಡಿ, "ಮೊಣಕಾಲಿಗೆ ಏನಾಯ್ತು ಸಾರ್?" ಎಂದಳು.

"ಕ್ಲಿನಿಕ್ಕಿನ ಬೋರ್ಡು ಸರಿ ಮಾಡೋಕೆ ಏಣಿ ಹತ್ತಿದ್ದೆ. ಜಾರಿತು."

"ಆ ಸಾರ್‌ಗೂ ಹೆಬ್ಬೆರಳು ಊದಿಕೊಂಡಿದೆ. ಇಬ್ರಿಗೂ ಒಂದೇ ವಾರ!"

"ಬಾಗಿಲ ಸಂದಿಗೆ ಸಿಕ್ಕಿತು," ಎಂದ ಕನ್ನಡಕದವನು, ಯಾರೂ ಕೇಳದಿದ್ದರೂ.

ಆಗಲೇ ಡಾಕ್ಟರ ಫೋನು ಬಡಿದುಕೊಂಡಿತು. ಗಾರೆ ಕೆಲಸದವನು.

"ಸಾರ್, ಅಜ್ಜಿ ಮನೆ ಸೂರು ಈ ವರ್ಷನಾದ್ರೂ ಸರಿ ಮಾಡ್ಲಾ? ಅರ್ಧ ದಿನದ ಕೆಲಸ."

"ಬೇಡ. ಒಂದು ಹೆಂಚನ್ನೂ ಮುಟ್ಟಬೇಡ."

ಹೆಂಡತಿಯ ತಾಯಿಯ ತಲೆಯ ಮೇಲಿನ ಹೆಂಚಿಗೆ ಕೈ ಬಿಚ್ಚದ ಡಾಕ್ಟರು! ಬೇರೆ ದಿನವಾಗಿದ್ದರೆ ಷಡ್ಡಕ ಇದನ್ನು ಬಂಧುಬಳಗದಲ್ಲೆಲ್ಲ ಹಂಚುತ್ತಿದ್ದ. ಇಂದು ಮಾತ್ರ ಆಕಾಶ ನೋಡಿದ. ಅವನೂ ಗಾರೆಯವನನ್ನು ಕರೆಸಿದವನಲ್ಲ.

ಕೊನೆಯ ಹೊಡೆತ. ಕುಳಿಯ ಸುತ್ತ ಕತ್ತರಿಸಿದ ನುಣುಪು ಹುಲ್ಲಿನ ಮೇಲೆ ಎರಡು ಚೆಂಡುಗಳೂ ಸಮಸಮ ಹೊಡೆತಗಳಲ್ಲಿ ಬಂದು ಕೂತಿದ್ದವು. ಕನ್ನಡಕದವನದು ಮೊದಲ ಸರದಿ. ಊದಿದ ಹೆಬ್ಬೆರಳನ್ನು ದೂರವಿಟ್ಟು, ಮಂಜು ಹಿಡಿದ ಗಾಜಿನೊಳಗಿಂದ ಗುರಿ ಹಿಡಿದು, ನಾಜೂಕಾಗಿ ಹೊಡೆದ. ಗುರಿ ಸರಿಯಾಗಿಯೇ ಇತ್ತು. ಆದರೆ ಚೆಂಡು ನೀರು ಸೀಳುತ್ತ ಹೋಗಿ, ಸುಸ್ತಾಗಿ, ಕುಳಿಗೆ ನಾಲ್ಕು ಬೆರಳು ಈಚೆಗೆ ನಿಂತುಬಿಟ್ಟಿತು. ಒದ್ದೆ ಹುಲ್ಲಿನ ಮೇಲೆ ನಾಜೂಕು ನಡೆಯುವುದಿಲ್ಲ.

ಡಾಕ್ಟರು ಟವೆಲಿನಿಂದ ಕೋಲು ಒರೆಸಿದರು. ಹೊಸ ಕೈಗವಸು ತೊಟ್ಟರು. ಹಠಮಾರಿ ದವಡೆಹಲ್ಲಿನ ಎದುರು ನಿಂತಂತೆ ನಿಂತು, ಎರಡರಷ್ಟು ಬಲ ಹಾಕಿ ಹೊಡೆದರು. ಚೆಂಡು ಸರ್ರನೆ ಹೋಗಿ ನೀರು ತುಂಬಿದ ಕುಳಿಯಲ್ಲಿ ಗುಳುಂ ಎಂದಿತು.

ಐವತ್ತೆಂಟು ವರ್ಷದ ಗಂಡಸು ಕೆಸರಿನಲ್ಲಿ ಕುಣಿದದ್ದನ್ನು ಚೀಲದ ಹೆಂಗಸು ಆ ಕ್ಲಬ್ಬಿನಲ್ಲಿ ಮೊದಲ ಸಲ ನೋಡಿದಳು.

ಕನ್ನಡಕದವನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಡಾಕ್ಟರು ಅವನತ್ತ ತಿರುಗಿಯೂ ನೋಡದೆ ಕುಂಟುತ್ತ ಓಡಿದರು. ಜಗಲಿಯ ಮೆಟ್ಟಿಲು ಹತ್ತಿ, ತೊಟ್ಟಿಕ್ಕುವ ಕೈಯಿಂದಲೇ ಟ್ರಂಕನ್ನು ಎತ್ತಿ ಎದೆಗವಚಿಕೊಂಡರು.

"ಗೆದ್ದೆ! ನಡೀರಿ ಅತ್ತೇ, ನಮ್ಮನೆಗೆ! ಎಂಟು ತಿಂಗಳಿಂದ ನಿಮ್ಮ ಮಗಳ ಎದುರು ನನ್ನ ಪರವಾಗಿ ಮಾತಾಡೋರೇ ಇಲ್ಲ!"

"ಅನ್ಯಾಯ ಭಾವ," ಎಂದ ಹಿಂದಿನಿಂದ ಬಂದ ಕಿರಿಯಳಿಯ. "ಹೋದ ವರ್ಷಾನೂ ನಿಮ್ಮಲ್ಲೇ ಇದ್ರು. ನನ್ನ ಹೆಂಡತಿ ಮಾತು ಕೇಳೀ ಕೇಳೀ ನಾನು ಅರ್ಧ ಆಗಿದ್ದೀನಿ."

ಅತ್ತೆ ಚಹಾದ ಲೋಟ ಕೆಳಗಿಟ್ಟರು. ಒಬ್ಬನ ಮೊಣಕಾಲು ನೋಡಿದರು. ಇನ್ನೊಬ್ಬನ ಹೆಬ್ಬೆರಳು ನೋಡಿದರು.

"ಬರೋ ವರ್ಷದಿಂದ ಯಾರಾದ್ರೂ ಒಬ್ರು ಸೂರು ಹತ್ತಿದ್ರೆ ಸಾಕು, ಅಳಿಯಂದ್ರೇ. ಒಬ್ರು ಮೂರು ಹೆಂಚು, ಇನ್ನೊಬ್ರು ಮೂರು ಹೆಂಚು ಸರಿಸಿ, ಈ ಸಲ ನನ್ನ ಹಾಸಿಗೇನೇ ತೇಲಿಹೋಯ್ತು."