ಕಪ್ಪು ಬಳಿದ ಹೆಸರುಗಳು

"ಇದ್ರಲ್ಲಿ ಯಾವುದನ್ನ ಮುಚ್ಚಬೇಕು, ಯಾವುದನ್ನ ಮುಂದುವರಿಸ್ಬೇಕು, ನೀವೇ ಹೇಳ್ಬಿಡಿ ಸಾರ್," ಎಂದು ಲೋರ್ನಾ ಟಿಡ್ವೆಲ್ ಎರಡು ಕಡತಗಳನ್ನು ಮೇಲಧಿಕಾರಿ ವಿಟ್‌ಕಮ್‌ನ ಮುಂದೆ ಸರಿಸಿದಳು. ಎರಡರಲ್ಲೂ ಒಂದೇ ಆರೋಪ: ಸರ್ಕಾರದ ಗುಟ್ಟಿನ ಕಾಗದವನ್ನು ಪತ್ರಿಕೆಗೆ ಕೊಟ್ಟದ್ದು. ಒಬ್ಬ ಆಳುವ ಪಕ್ಷದವನು, ಇನ್ನೊಬ್ಬ ಎದುರು ಪಕ್ಷದವನು. ಹೊರಗೆ ಕಳಿಸುವ ಕಾಗದಗಳಿಗೆ ಮಾಡುವಂತೆ, ಹೆಸರು, ಪಕ್ಷಗಳ ಮೇಲೆಲ್ಲ ಅವಳು ಬೆಳಿಗ್ಗೆಯೇ ಕಪ್ಪು ಬಳಿದಿದ್ದಳು.

ವಾಷಿಂಗ್ಟನ್ನಿನ ಆ ತನಿಖಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವಳು ಅವಳು. ಎರಡೂ ಪಕ್ಷಗಳು ತಂದು ಕೂರಿಸಿದ ಮೇಲಧಿಕಾರಿಗಳನ್ನು ಕಂಡಿದ್ದಳು. ಎಲ್ಲರದೂ ಒಂದೇ ಲೆಕ್ಕ: ತಮ್ಮವನು ಸೋರಿಸಿದರೆ ಕೈತಪ್ಪು, ಎದುರಿನವನು ಸೋರಿಸಿದರೆ ದೇಶದ್ರೋಹ.

"ಏನ್ರೀ ಇದು, ನನಗೇ ಪರೀಕ್ಷೆನಾ?" ವಿಟ್‌ಕಮ್ ಗುರುಗುಟ್ಟಿದ.

"ಮುಖ ನೋಡಿ ಮಣೆ ಹಾಕೋರಲ್ಲ ನಾವು ಅಂತ ನಿನ್ನೆ ಟೀವೀಲಿ ನೀವೇ ಹೇಳಿದ್ರಲ್ಲ ಸಾರ್. ಇವತ್ತು ಮುಖಾನೇ ಇಲ್ಲ. ಹೇಳಿ."

ಅವನು ಎರಡನ್ನೂ ತಿರುವಿ ತಿರುವಿ ಓದಿದ. ಮೇಜಿನ ಸುತ್ತ ಕುಳಿತಿದ್ದ ಆರು ಮಂದಿ ತನಿಖಾಧಿಕಾರಿಗಳ ಕಾಫಿ ಆರಿಹೋಯಿತು. ಕೊನೆಗೆ ಒಂದು ಹಾಳೆಯನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಕಪ್ಪಿನ ಹಿಂದೆ ಹೆಸರೇನಾದರೂ ಕಂಡೀತೇ ಎಂದು ಕಣ್ಣು ಕಿರಿದು ಮಾಡಿದ.

"ಕಾಣಲ್ಲ ಸಾರ್, ಅದು ಕಪ್ಪು ಬಳಿದ ಮೇಲೆ ತೆಗೆದ ಜೆರಾಕ್ಸು."

ಎತ್ತಿದ ಕೈ ಎಲ್ಲರೆದುರು ಅಲ್ಲೇ ನಿಂತಿತು. ಲೋರ್ನಾ ಪೆನ್ನಿನ ಮುಚ್ಚಳ ತೆಗೆದು ಅವನತ್ತ ಚಾಚಿದಳು.

"ಎರಡಕ್ಕೂ ಒಂದೇ ಆದೇಶ ಬರೀರಿ."