ಭಾರವಾದ ಫೋಟೊಗಳು

ಸಮಾಜಸೇವಕ ವಿರೂಪಾಕ್ಷಯ್ಯನವರ ವೆಬ್‌ಸೈಟು ತೆರೆದುಕೊಳ್ಳಲು ಏಗುತ್ತಿತ್ತು. ಗಾಲಿಕುರ್ಚಿ ದಾನದ ಫೋಟೊಗಳೇ ನೂರಾರು.

"ಅರ್ಧ ತೆಗೆದುಬಿಡೋಣ ಸರ್, ಬೇಗ ತೆರೆಯುತ್ತೆ," ಎಂದಳು ಅದನ್ನು ರೂಪಿಸಿದ್ದ ಮಂದಾರ.

"ಒಂದನ್ನೂ ಮುಟ್ಬೇಡಮ್ಮ. ಒಂದೊಂದೂ ಒಬ್ಬೊಬ್ಬರ ಆಶೀರ್ವಾದ."

ಆ ಜಂಬಕ್ಕೆ ಅವಳಿಗೆ ಹೇಸಿಗೆಯಾಯಿತು. ಆದರೂ ಅಷ್ಟು ಜನಕ್ಕೆ ಉಪಕಾರವಾಗಿದೆಯಲ್ಲ ಎಂದುಕೊಂಡು, ತೆಗೆಯುವ ಬದಲು ಒಂದೊಂದನ್ನೇ ಚಿಕ್ಕದು ಮಾಡುತ್ತ ಕೂತಳು. ಕುರ್ಚಿಯಲ್ಲಿ ಮುದುಕರು, ಹೆಂಗಸರು, ಮಕ್ಕಳು. ಎಲ್ಲರ ಪಕ್ಕದಲ್ಲೂ ಹಲ್ಲು ಕಿರಿದು ನಿಂತ ವಿರೂಪಾಕ್ಷಯ್ಯ. ನೋಡನೋಡುತ್ತ ಅವಳ ಕೈ ನಿಂತಿತು. ಪ್ರತಿ ಫೋಟೊದಲ್ಲೂ ಕುರ್ಚಿಯ ರೆಕ್ಸಿನ್ ಅದೇ ಜಾಗದಲ್ಲಿ, ಅಷ್ಟೇ ಹರಿದಿತ್ತು. ಅವಳು ವಿರೂಪಾಕ್ಷಯ್ಯನವರ ಕಡೆ ತಿರುಗಿದಳು.

"ಎಲ್ಲರನ್ನೂ ಕೂರಿಸಿರೋದು ಒಂದೇ ಕುರ್ಚೀಲಿ ಅಲ್ವಾ ಸರ್? ಯಾರಿಗೂ ಕೊಡಲೇ ಇಲ್ವಾ?"

ವಿರೂಪಾಕ್ಷಯ್ಯ ನಕ್ಕರು. "ಕೊಟ್ಬಿಟ್ರೆ ಮುಂದಿನ ಫೋಟೊಗೆ ಏನಮ್ಮ ಮಾಡೋದು?"