ಸೀಟಿನಡಿಯ ಡಬ್ಬಿ

ಲಾರಿಯ ಮೈಕುಗಳು ಡ್ರೈವರನ ಮಾತನ್ನಷ್ಟೇ ಸೋಸಿ ಮನೆಯ ಫೋನಿಗೆ ಕಳಿಸಿ, ಉಳಿದ ಗದ್ದಲವನ್ನು ಸೀಟಿನಡಿಯ ಡಬ್ಬಿಗೆ ತುಂಬುತ್ತಿದ್ದವು. ತುಂಬಿದ ಡಬ್ಬಿಯನ್ನು ಗ್ಯಾರೇಜಿನವರು ಚೆಲ್ಲುತ್ತಿದ್ದರು.

ಯಲ್ಲಪ್ಪ ತೀರಿಕೊಂಡ ಮೇಲೆ ಹೆಂಡತಿ ದ್ಯಾಮವ್ವ ಅವನ ಲಾರಿ ಮಾರಲು ಗ್ಯಾರೇಜಿಗೆ ಬಂದಳು.

"ಅಕ್ಕಾರ, ಡಬ್ಬಿ ಚೆಲ್ಲಲೇನ್ರಿ?" ಮೆಕ್ಯಾನಿಕ್ ಇಮಾಮಸಾಬ ಕೇಳಿದ.

"ತಡೀರಿ, ಒಮ್ಮೆ ಕೇಳ್ತೀನಿ."

ಮನೆಯಲ್ಲಿ ಸೂರು ಹಾರುವಂತೆ ನಗುತ್ತಿದ್ದ ಗಂಡ, ಫೋನಿನಲ್ಲಿ ಅವಳು ಏನು ತಮಾಷೆ ಹೇಳಿದರೂ ನಕ್ಕದ್ದೇ ಕೇಳಿಸುತ್ತಿರಲಿಲ್ಲ. "ನಕ್ಕೆನಲ್ಲೇ, ದೇವರಾಣಿ!" ಎನ್ನುತ್ತಿದ್ದ. ಅವಳು ಮುನಿಸಿಕೊಂಡು ಫೋನಿಡುತ್ತಿದ್ದಳು.

ಇಮಾಮಸಾಬ ಗುಂಡಿ ಒತ್ತಿದ. ಹಾರ್ನು, ಗೇರಿನ ಕರಕರ, ಬೆನ್ನಿಗೇ ಇಂಜಿನಿನಂತೆ ಗುಡುಗುಡಿಸುವ ಯಲ್ಲಪ್ಪನ ನಗು. ಮತ್ತೆ ಹಾರ್ನು, ಮತ್ತೆ ನಗು.

ಮುಂದಿನ ನಗು ಬರುವಷ್ಟರಲ್ಲಿ ದ್ಯಾಮವ್ವ, ಹಿಂದೆ ಫೋನಿನಲ್ಲಿ ಹೇಳಿದ್ದ, ಬೆಕ್ಕು ಅತ್ತೆಯ ಹಲ್ಲುಸೆಟ್ಟು ಕಚ್ಚಿಕೊಂಡು ಓಡಿದ ಕತೆಯನ್ನು ಮೆಲ್ಲಗೆ ಮತ್ತೆ ಹೇಳತೊಡಗಿದಳು.